ಮೊದಲು ಹೆಸರು ಬರೆದುಕೋ

ನೋಡಪ್ಪ, ಭಾರತೀ ಕಾಲೇಜಿನ ನಿಮ್ಮ ಬ್ಯಾಚಿನವರೆಲ್ಲ ಭಾರತೀನಗರದಲ್ಲಿ ಒಂದು ದಿನ ಸೇರಬೇಕು ಅಂತ ಓಡಾಡ್ತಿದ್ದೀಯಂತೆ, ಕೇಳಿ ಬಹಳ ಸಂತೋಷವಾಯಿತು. ಶಾಮಿಯಾನ, ಊಟದ ಮಾತು ಆಮೇಲಿರಲಿ. 2019ರಲ್ಲಿ ನಿನ್ನ ಜೊತೆ ಪದವಿಗೆ ಸೇರಿದವರ ಹೆಸರು ಬರೆದುಕೋ. ವಾಟ್ಸಾಪ್ ಗ್ರೂಪಿನಲ್ಲಿ ಇರುವವರದ್ದಲ್ಲ, ಮೊದಲ ವರ್ಷದ ಹಾಜರಿ ಪುಸ್ತಕದಲ್ಲಿ ಇದ್ದವರದ್ದು.

ನೀವು ಒಟ್ಟಿಗೆ ಕೂತದ್ದೇ ಎಷ್ಟು ದಿನ? ಮೊದಲ ವರ್ಷ ಮುಗಿಯುವ ಮುಂಚೆ, 2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಕಾಲೇಜಿಗೆ ಬೀಗ ಬಿತ್ತು. ನವೆಂಬರ್ 17ಕ್ಕೆ ತೆರೆದಾಗ ಮನೆಯವರ ಒಪ್ಪಿಗೆ ಪತ್ರ, ಕೊರೊನಾ ಪರೀಕ್ಷೆಯ ವರದಿ ಹಿಡಿದು ಬರಬೇಕಿತ್ತು. ಮುಂದಿನ ಏಪ್ರಿಲ್‌ನಲ್ಲಿ ಎರಡನೇ ಅಲೆ. ಮತ್ತೆ ಬಾಗಿಲು ತೆರೆದದ್ದು 2021ರ ಜುಲೈ 26ಕ್ಕೆ, ಅದೂ ಒಂದು ಡೋಸಾದರೂ ಲಸಿಕೆ ಹಾಕಿಸಿಕೊಂಡವರಿಗೆ. ಅದಕ್ಕೆ ಒಂಬತ್ತು ದಿನ ಮುಂಚೆ ಈ ಸಂಸ್ಥೆ ಕಟ್ಟಿದ ಜಿ. ಮಾದೇಗೌಡರು ಇದೇ ಊರಲ್ಲಿ ತೀರಿಕೊಂಡರು. ತರಗತಿಗಳು ನಡೆಯುತ್ತಿದ್ದರೆ ಮಕ್ಕಳೆಲ್ಲ ಒಟ್ಟಾಗಿ ನಿಂತು ಕೈಮುಗಿಯುತ್ತಿದ್ದಿರಿ.

ಒಟ್ಟಿಗಿರುವುದು ಎಲ್ಲ ಕಡೆಯೂ ಒಂದೇ ಥರ ಅಲ್ಲ. ಅಮೆರಿಕದಲ್ಲಿ ಫ್ರೆಟರ್ನಿಟಿ ಅಂತ ವಿದ್ಯಾರ್ಥಿ ಕೂಟಗಳಿವೆ, ಸದಸ್ಯರು ಒಂದೇ ಮನೆಯಲ್ಲಿ ಇರುತ್ತಾರೆ. 2020ರ ಬೇಸಿಗೆಯಲ್ಲಿ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಅಂಥ ಮನೆಗಳಲ್ಲಿ ನೂರಕ್ಕೂ ಹೆಚ್ಚು ಮಂದಿಗೆ ಸೋಂಕು ತಗುಲಿತು. ಅವರಿಗೆ ಒಟ್ಟಿಗಿದ್ದದ್ದೇ ಮುಳುವಾಯಿತು; ನಮ್ಮ ಮಕ್ಕಳು ಚೆದುರಿ ಕೆಟ್ಟರು. ನಮ್ಮ ಕೂಟಗಳಿಗೆ ಹೆಸರೂ ಇಲ್ಲ, ಬಿಲ್ಲೆಯೂ ಇಲ್ಲ. ಹಾಸ್ಟೆಲ್ ಕೋಣೆ, ಬೆಳಗಿನ ಬಸ್ಸು, ಎನ್‌ಎಸ್‌ಎಸ್ ಶಿಬಿರ, ಇಷ್ಟೇ. ಆದರೆ ವಿದ್ಯಾರ್ಥಿವೇತನದ ಅರ್ಜಿ ತುಂಬುವುದು, ಬಸ್ ಪಾಸ್ ಮಾಡಿಸುವುದು, ಹಳೆಯ ಪ್ರಶ್ನೆಪತ್ರಿಕೆ ಯಾರ ಹತ್ತಿರ ಸಿಗುತ್ತದೆ ಎಂಬುದು, ಎಲ್ಲವನ್ನೂ ಕಿರಿಯರಿಗೆ ಹೇಳಿಕೊಡುತ್ತಿದ್ದವರು ಸೀನಿಯರ್‌ಗಳೇ. ಓದಿದವರಿಲ್ಲದ ಮನೆಯಿಂದ ಬಂದ ಹುಡುಗನಿಗೆ ಅದು ಅರ್ಧ ಕಾಲೇಜು. ಆ ಎರಡು ವರ್ಷ ಆ ಕೊಂಡಿ ಕಳಚಿತು. ಮನೆಗೊಂದೇ ಫೋನು, ತಮ್ಮ ತಂಗಿಗೂ ಅದರಲ್ಲೇ ಪಾಠ. ಕಬ್ಬು ಕಡಿಯಲು ಹೋದವನು ಆಲೆಮನೆಯಲ್ಲೇ ಉಳಿದ. ಕೆಲವರು ಗಾರ್ಮೆಂಟ್ಸ್ ಬಸ್ಸು ಹತ್ತಿದರು. ಹೇಗೂ ಕಾಲೇಜಿಲ್ಲವಲ್ಲ ಅಂತ ಎಷ್ಟೋ ಹೆಣ್ಣುಮಕ್ಕಳ ಮದುವೆ ಮಾಡಿ ಮುಗಿಸಿದರು. ಯಾರೂ ಜಗಳವಾಡಿ ಬಿಟ್ಟವರಲ್ಲ. ನೀನೆಲ್ಲಿ ಅಂತ ಕೇಳುವವರಿರಲಿಲ್ಲ, ಅಷ್ಟೆ.

ಈಗ ನೀನು ಕೇಳು. ಮೆಸೇಜ್ ಹಾಕಿ ಸುಮ್ಮನಾಗಬೇಡ, ಊರಿಗೆ ಹೋಗು. ಮದುವೆಯಾದ ಹುಡುಗಿಯ ಮನೆಗಾದರೆ ಅವಳ ಗೆಳತಿಯನ್ನು ಕರೆದುಕೊಂಡು ಹೋಗು, ಅತ್ತೆ ಮಾವನ ಹತ್ತಿರ ಮೊದಲು ಮಾತಾಡು. ಓದು ಯಾಕೆ ಬಿಟ್ಟೆ ಅಂತ ಮಾತ್ರ ಕೇಳಕೂಡದು. ಮನೆಯಲ್ಲಿ ಎಲ್ಲರೂ ಹೇಗಿದ್ದಾರೆ ಅನ್ನು. ಆ ಸಮಯದಲ್ಲಿ ಅಪ್ಪನನ್ನೋ ಅವ್ವನನ್ನೋ ಕಳೆದುಕೊಂಡು, ಮಣ್ಣಿಗೂ ಯಾರೂ ಬರಲಾರದೆ ಹೋದ ಮನೆಗಳಿವೆ. ಅಲ್ಲಿ ಸ್ವಲ್ಪ ಹೊತ್ತು ಕೂತು ಬಾ. ಮತ್ತೆ ಓದುವ ಆಸೆ ಯಾರಿಗಾದರೂ ಇದ್ದರೆ ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯವಿದೆ, ಕೆಲಸ ಸಂಸಾರ ನೋಡಿಕೊಂಡೇ ಪದವಿ ಮಾಡಬಹುದು. ಅರ್ಜಿಯನ್ನು ನೀನೇ ಪಕ್ಕದಲ್ಲಿ ಕೂತು ತುಂಬಿಸು. ನಿಮಗೆ ಸೀನಿಯರ್‌ಗಳು ಮಾಡಬೇಕಿದ್ದ ಕೆಲಸ ಅದು.

ಇನ್ನೊಂದು ಮಾತು. ತಲೆಗಿಷ್ಟು ಅಂತ ಚಂದಾ ಕಟ್ಟಬೇಡ. ಐನೂರು ರೂಪಾಯಿಗೆ ಹಿಂಜರಿದು ಬಾರದೆ ಉಳಿಯುವವರೇ ಮೊದಲು ಬರಬೇಕಾದವರು. ಸಂಬಳ ಬರುವ ನಾಲ್ಕೈದು ಮಂದಿ ಖರ್ಚು ಹಂಚಿಕೊಳ್ಳಿ, ಯಾರು ಎಷ್ಟು ಕೊಟ್ಟರು ಅಂತ ಗ್ರೂಪಿನಲ್ಲಿ ಹಾಕಬೇಡಿ. ಸಾಲದೆ ಬಂದರೆ ನನಗೆ ಹೇಳು.