ನೀರಿನ ಯೋಜನೆ ಬರೆಯುವವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಇಂಜಿನಿಯರುಗಳೂ ಲೆಕ್ಕಪತ್ರ ವಿಭಾಗದವರೂ ಅಂದಾಜುಪಟ್ಟಿಗೆ ಕೈಹಚ್ಚುವ ಮುನ್ನ ಇದನ್ನು ಓದತಕ್ಕದ್ದು.

ಮಾಡಬಾರದ್ದು

• ಸರಾಸರಿ ಮಳೆ ನಂಬಿ ಲೆಕ್ಕ ಹಾಕಬೇಡಿ. ಒಮ್ಮೆ ತಿಪ್ಪಗೊಂಡನಹಳ್ಳಿಗೆ ಹೋಗಿಬನ್ನಿ. 1933ರಿಂದ ಬೆಂಗಳೂರಿಗೆ ನೀರುಣಿಸಿದ ಜಲಾಶಯ ಅದು. ಮಳೆ ಹೆಚ್ಚುಕಮ್ಮಿ ಮೊದಲಿನಷ್ಟೇ ಬಿದ್ದರೂ ಅದನ್ನು ತುಂಬಿಸುವ ಅರ್ಕಾವತಿ ನದಿಯ ಹರಿವು ಬತ್ತಿತು. ಮೇಲ್ಭಾಗದ ಕೊಳವೆಬಾವಿಗಳೂ ನೀಲಗಿರಿ ತೋಪುಗಳೂ ದಾರಿಯಲ್ಲೇ ಕುಡಿದುಬಿಟ್ಟವು. 2012ರ ಹೊತ್ತಿಗೆ ಅಲ್ಲಿಂದ ನೀರೆತ್ತುವುದೇ ನಿಂತಿತು.

• ಬರದ ಗಾಬರಿಯಲ್ಲಿ ದೊಡ್ಡ ಒಪ್ಪಂದಕ್ಕೆ ಸಹಿ ಹಾಕಬೇಡಿ. ಆಸ್ಟ್ರೇಲಿಯಾದ ಮೆಲ್ಬರ್ನ್ ಹಾಗೆ ಮಾಡಿತು. ವರ್ಷಕ್ಕೆ 15,000 ಕೋಟಿ ಲೀಟರ್ ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರ 2012ರಲ್ಲಿ ಮುಗಿಯುವಷ್ಟರಲ್ಲಿ ಮಳೆ ಬಂದು ಕಟ್ಟೆಗಳು ತುಂಬಿಕೊಂಡಿದ್ದವು. ನಗರ ಮೊದಲ ಸಲ ನೀರು ಕೇಳಿದ್ದು 2016ರಲ್ಲಿ. ನಡುವಿನ ವರ್ಷಗಳಲ್ಲಿ ಹನಿ ಕೊಳ್ಳದೆಯೂ ಹಣ ಕಟ್ಟಿದರು. ದುಂದು ಎಂದು ಬೈದವರಿದ್ದಾರೆ. ನಾನು ವಿಮೆ ಅನ್ನುತ್ತೇನೆ, ಕಂತು ಮಾತ್ರ ಬಲು ದುಬಾರಿ.

• “ಕಾವೇರಿ ಬರುತ್ತಲ್ಲ” ಎಂದು ಕಡತ ಮುಚ್ಚಬೇಡಿ. ಬೆಂಗಳೂರಿಗೆ ದಿನಕ್ಕೆ 77.5 ಕೋಟಿ ಲೀಟರ್ ತರುವ ಕಾವೇರಿ ಯೋಜನೆಯ ಐದನೇ ಹಂತ ಬಂದದ್ದು 2024ರ ಅಕ್ಟೋಬರಿನಲ್ಲಿ. ಅದಕ್ಕೂ ಮುಂಚೆ, ಅದೇ ವರ್ಷದ ಮಾರ್ಚಿನಲ್ಲಿ, 12,000 ಲೀಟರ್ ಟ್ಯಾಂಕರಿಗೆ, 5 ಕಿ.ಮೀ. ಒಳಗಾದರೆ, ₹1,000 ಎಂದು ಜಿಲ್ಲಾಡಳಿತವೇ ದರ ಕಟ್ಟಬೇಕಾಯಿತು.

ಮಾಡಬೇಕಾದ್ದು

• ತಡವಾಗಿ ಕಟ್ಟಿದರೆ ಆಗುವ ನಷ್ಟ, ಮುಂಚೆಯೇ ಕಟ್ಟಿ ಸುಮ್ಮನೆ ಬಿಟ್ಟರೆ ಆಗುವ ನಷ್ಟ, ಎರಡನ್ನೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆಯಿರಿ. ಎರಡನೆಯದನ್ನು ಆಡಿಟ್‌ನವರು ಹಿಡಿಯುತ್ತಾರೆ. ಮೊದಲನೆಯದು ಯಾವ ಲೆಕ್ಕಪುಸ್ತಕಕ್ಕೂ ಏರುವುದಿಲ್ಲ. ಬಿಂದಿಗೆ ಹಿಡಿದು ಸಾಲಿನಲ್ಲಿ ನಿಂತವಳ ಅಂದಿನ ಕೂಲಿ ಅದು. ಅದನ್ನೂ ರೂಪಾಯಿಯಲ್ಲೇ ಬರೆಯತಕ್ಕದ್ದು.

• ಹಂತಹಂತವಾಗಿ ಕಟ್ಟಿ. ಜಮೀನು, ಪೈಪಿನ ದಾರಿ ಈಗಲೇ ಕೈಸೇರಲಿ; ಪಂಪು, ಮೋಟಾರು ಬೇಕಾದಾಗ ತಂದರಾಯಿತು.

• ಸೋರಿಕೆ ಮೊದಲು. ನೂರು ಕಿಲೋಮೀಟರ್ ಆಚೆಯಿಂದ ಕರೆಂಟು ಸುಟ್ಟು ಎತ್ತಿ ತಂದ ನೀರು ವಾಲ್ವ್ ಗುಂಡಿಯಲ್ಲಿ ಗುಳುಗುಳು ಅನ್ನುತ್ತಿರುವಾಗ ಹೊಸ ಹಂತದ ಪ್ರಸ್ತಾವ ತರಬೇಡಿ, ಓದದೆ ವಾಪಸು ಕಳಿಸುತ್ತೇನೆ.

• ಜಲಾಶಯದ ಮಟ್ಟ ಎಷ್ಟಕ್ಕಿಳಿದರೆ ಯಾವ ಕ್ರಮ, ಯಾರ ಹೊಣೆ ಎಂಬುದನ್ನು ಜನವರಿಯಲ್ಲೇ ಬರೆದು ಸಹಿ ಹಾಕಿಸಿ. ಏಪ್ರಿಲಿನಲ್ಲಿ ಸಭೆ ಕರೆದರೆ, ಬಂದವರೆಲ್ಲ ಮೇಜಿನ ಕೆಳಗೆ ಮೊಬೈಲಿನಲ್ಲಿ ಟ್ಯಾಂಕರಿನವನ ನಂಬರು ಹುಡುಕುತ್ತಿರುತ್ತಾರೆ.