ಗಜಲ್ ಮತ್ತು ಕೋಡ್: ಬರೆಯುತ್ತ ಕಲಿತ ಐದು ಪಾಠ

ಹಗಲು ಕೋಡ್ ಬರೆಯುತ್ತೇನೆ, ರಾತ್ರಿ ಉರ್ದು ಗಜಲ್. ಎರಡರಲ್ಲೂ ಯೋಚನೆ ಎಲ್ಲಿ ಸಡಿಲವಾಗಿದೆ ಎಂಬುದನ್ನು ಮೊದಲು ತೋರಿಸಿಕೊಡುವುದು ನಿಯಮವೇ.

1. ಕರಾರು ಮೊದಲು. ಗಜಲ್‌ನ ಮೊದಲ ಶೇರ್ (ದ್ವಿಪದಿ) ಆದ ಮತ್ಲಾದ ಎರಡೂ ಮಿಸ್ರಾಗಳಲ್ಲಿ (ಸಾಲುಗಳಲ್ಲಿ) ಕಾಫಿಯಾ (ಪ್ರಾಸ), ಅದರ ಬಳಿಕ ಮರಳಿ ಬರುವ ರದೀಫ್ ಇದ್ದರೆ ಅದೂ ಬರಬೇಕು. ಮುಂದಿನ ಶೇರ್‌ಗಳಲ್ಲಿ ಎರಡನೇ ಮಿಸ್ರಾದಲ್ಲಿ ಬಂದರೆ ಸಾಕು. ಇಡೀ ಗಜಲ್ ಏನನ್ನು ಪಾಲಿಸಲಿದೆ ಎಂದು ಮತ್ಲಾ ಆರಂಭದಲ್ಲೇ ಮಾತು ಕೊಡುತ್ತದೆ. ಕೋಡ್‌ನಲ್ಲೂ ಹಾಗೆಯೇ: ಫಂಕ್ಷನ್ ಏನು ತೆಗೆದುಕೊಂಡು ಏನು ಕೊಡಬೇಕೆಂದು ಬರೆದಿಟ್ಟ ಮೇಲೆಯೇ ನಾನು ಒಳಗಿನ ಕೋಡ್‌ಗೆ ಕೈಹಾಕುತ್ತೇನೆ.

2. ಕಣ್ಣನ್ನು ನಂಬಬೇಡಿ. ತಕ್ತೀ ಮಾಡುವಾಗ, ಅಂದರೆ ಸಾಲನ್ನು ಲಘು-ಗುರುಗಳಾಗಿ ಬಿಡಿಸುವಾಗ, ಲೆಕ್ಕಕ್ಕೆ ಬರುವುದು ಉಚ್ಚಾರ. ‘ಖ್ವಾಬ್’ ಎಂದು ಬರೆಯುವಾಗ ‘ವಾವ್’ ಅಕ್ಷರ ಇರುತ್ತದೆ, ಎಣಿಕೆಯಲ್ಲಿ ಇರುವುದಿಲ್ಲ. ಎರಡು ಪದಗಳನ್ನು ಜೋಡಿಸುವ ಇಜಾಫತ್ತಿನ ‘ಎ’ ಎಷ್ಟೋ ಸಲ ಬರಹದಲ್ಲಿ ಕಾಣುವುದೇ ಇಲ್ಲ, ಎಣಿಕೆಗೆ ಮಾತ್ರ ಬರುತ್ತದೆ. ಕಂಪ್ಯೂಟರಿನಲ್ಲೂ ಕಣ್ಣು ಮೋಸಹೋಗುತ್ತದೆ. ಉರ್ದುವಿನ ‘ಯೇ’ಗೂ ಅರಬ್ಬಿಯ ‘ಯಾ’ಗೂ ಯೂನಿಕೋಡ್‌ನಲ್ಲಿ ಬೇರೆ ಬೇರೆ ಸಂಕೇತ. ಪದದ ನಡುವೆ ಎರಡೂ ಒಂದೇ ಥರ ಕಾಣುತ್ತವೆ. ಆದರೆ ಒಂದರಲ್ಲಿ ಬರೆದಿದ್ದನ್ನು ಇನ್ನೊಂದರಲ್ಲಿ ಹುಡುಕಿದರೆ ಪದ ಸಿಗುವುದಿಲ್ಲ. ಉರ್ದು ಪಠ್ಯದ ಮೇಲೆ ಕೆಲಸ ಮಾಡುವ ಮೊದಲು ಅಕ್ಷರಗಳನ್ನು ಏಕರೂಪಕ್ಕೆ ತನ್ನಿ.

3. ತೀರ್ಮಾನಕ್ಕೆ ಅವಸರ ಬೇಡ. ಪದದ ಕೊನೆಯ ದೀರ್ಘಸ್ವರವನ್ನು ಹಲವೆಡೆ ಹ್ರಸ್ವವೆಂದೂ ಎಣಿಸಬಹುದು. ಹಾಗಾಗಿ ಒಂದೇ ಮಿಸ್ರಾ ಒಂದಕ್ಕಿಂತ ಹೆಚ್ಚು ಬೆಹರ್‌ಗಳಿಗೆ (ಛಂದಸ್ಸುಗಳಿಗೆ) ಹೊಂದುವುದುಂಟು. ತಕ್ತೀ ಪ್ರೋಗ್ರಾಂ ಬರೆಯುವವರು ಸಾಧ್ಯತೆಗಳನ್ನೆಲ್ಲ ಉಳಿಸಿಕೊಂಡು, ಮುಂದಿನ ಮಿಸ್ರಾಗಳಿಗೆ ಹೊಂದದವನ್ನು ಒಂದೊಂದಾಗಿ ಕೈಬಿಡಬೇಕು. ಬಗ್ ಹುಡುಕುವುದೂ ಹೀಗೆಯೇ: ಮೊದಲ ಅನುಮಾನಕ್ಕೇ ಜೋತುಬಿದ್ದರೆ ದಿನವಿಡೀ ಹಾಳು.

4. ಭಾಗಗಳು ತಮ್ಮ ಕಾಲ ಮೇಲೆ ನಿಲ್ಲಲಿ. ಒಂದು ಶೇರನ್ನು ಗಜಲ್‌ನಿಂದ ಹೊರತೆಗೆದು ಓದಿದರೂ ಅರ್ಥ ಪೂರ್ತಿಯಾಗಿರಬೇಕು. ಅರ್ಥ ಮುಂದಿನ ಶೇರಿಗೆ ಹರಿದರೆ, ಆ ಶೇರ್‌ಗಳ ಗುಂಪು ‘ಕತಾ’ ಎಂದು ತಿಳಿಸಲು ದೀವಾನ್‌ಗಳಲ್ಲಿ (ಕವನ ಸಂಕಲನಗಳಲ್ಲಿ) ‘ಕಾಫ್’ ಅಕ್ಷರ ಹಾಕುವ ರೂಢಿಯಿದೆ. ಫಂಕ್ಷನ್‌ಗಳೂ ಸ್ವತಂತ್ರವಾಗಿರಲಿ, ಒಂದು ಇನ್ನೊಂದನ್ನು ನೆಚ್ಚಿದ್ದರೆ ಎದ್ದು ಕಾಣುವಂತೆ ಬರೆದಿಡಿ.

5. ತಿದ್ದಿಸಿಕೊಳ್ಳಿ. ಕವಿ ಮಿರ್ಜಾ ಗಾಲಿಬರ (1797–1869) ಶಿಷ್ಯರು ದೂರದೂರುಗಳಿಂದ ಅಂಚೆಯಲ್ಲಿ ಗಜಲ್ ಕಳಿಸುತ್ತಿದ್ದರು. ಗಾಲಿಬ್ ತಿದ್ದಿ ಹಿಂದಿರುಗಿಸುತ್ತಿದ್ದರು. ಆ ‘ಇಸ್ಲಾಹ್’ಗೆ ನಮ್ಮಲ್ಲಿ ಕೋಡ್ ರಿವ್ಯೂ ಎನ್ನುತ್ತೇವೆ. ಬೆಹರ್ ಸರಿಯಿದ್ದೂ ಶೇರ್ ಸಪ್ಪೆಯಾಗಿರಬಹುದು. ಟೆಸ್ಟ್‌ಗಳೆಲ್ಲ ಪಾಸಾಗಿಯೂ ಕೋಡ್ ಬೇರೆಯವರಿಗೆ ಅರ್ಥವಾಗದಿರಬಹುದು. ನಿಯಮಕ್ಕೆ ಕಾಣದ ಈ ಕೊರತೆಯನ್ನು ಹೇಳಲು ಇನ್ನೊಬ್ಬ ಓದುಗರೇ ಬೇಕು. ಅವರು ಒಂದು ಪದವನ್ನೋ ಸಾಲನ್ನೋ ಬದಲಿಸಿದರೆ ಒಪ್ಪಿ ಸುಮ್ಮನಾಗಬೇಡಿ, ಏಕೆಂದು ಕೇಳಿ. ಆ ಕಾರಣ ತಿಳಿದವರು ಮುಂದಿನ ಸಲ ಅದನ್ನು ತಾವೇ ತಿದ್ದಿಕೊಳ್ಳುತ್ತಾರೆ.