ಅಂಗಳದಲ್ಲಿ ಇಂದ್ರಿಯಶಿಕ್ಷಣ: ಹಸುಳೆಗಳಿಗೆ ಕೈಯಾರೆ ಮಾಡಿದ ಆಟದ ಸಾಧನಗಳು

ಮೂರು ವರ್ಷ ತುಂಬದ ಮಗುವಿಗೆ ಪಾಠವೆಂಬುದು ಬೇರೆಯಿಲ್ಲ. ಮುಟ್ಟುವುದು, ತುಳಿಯುವುದು, ಕುಟ್ಟುವುದು, ಕಡೆಗೆ ಬಾಯಿಗಿಟ್ಟು ನೋಡುವುದು, ಇವೇ ಅದರ ಅಧ್ಯಯನ. ಇಂದ್ರಿಯಗಳ ಮೂಲಕವೇ ಬುದ್ಧಿಯು ಅರಳುವುದೆಂಬ ತತ್ತ್ವಕ್ಕೆ ಶಾಲೆಯ ರೂಪವನ್ನಿತ್ತವರಲ್ಲಿ ಡಾ. ಮರಿಯಾ ಮಾಂಟೆಸ್ಸೊರಿಯವರು ಅಗ್ರಗಣ್ಯರು. 1907ರಲ್ಲಿ ರೋಮ್ ನಗರದಲ್ಲಿ ಮೊದಲ ಶಿಶುಗೃಹವನ್ನು ತೆರೆದ ಅವರು 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದು ನಮ್ಮ ದೇಶದ ಶಿಕ್ಷಕರಿಗೆ ತರಬೇತಿ ನೀಡಿದರು. ಆ ಪದ್ಧತಿಯ ನುಣುಪಾದ ಮರದ ಉಪಕರಣಗಳಾದರೋ ಬೆಲೆಯುಳ್ಳವು. ತಾರಾಬಾಯಿ ಮೋಡಕರು 1945ರಲ್ಲಿ ಬೋರ್ಡಿಯಲ್ಲಿಯೂ 1957ರಿಂದ ಕೋಸ್ಬಾಡದಲ್ಲಿಯೂ ಅನುತಾಯಿ ವಾಘರೊಡಗೂಡಿ ಹಳ್ಳಿಯ ಮಕ್ಕಳಿಗಾಗಿ ದುಡಿದು, ಸುತ್ತಮುತ್ತ ಸಿಗುವ ವಸ್ತುಗಳಿಂದಲೇ ಸಾಧನಗಳನ್ನು ಮಾಡಿಕೊಳ್ಳಬಹುದೆಂದು ತೋರಿಸಿಕೊಟ್ಟರು. ನಾನು ಹೇಳಹೊರಟಿರುವುದೂ ಅದೇ ದಾರಿಯದು, ಆದರೆ ಇನ್ನೂ ಎಳೆಯ ಮಕ್ಕಳನ್ನು ಕುರಿತದ್ದು.

ಒಂದೂವರೆ ವರ್ಷದ ಮೊಮ್ಮಗಳಿಗೆಂದು ನಾನು ಮೊದಲು ಮಾಡಿದ್ದು ಹುಣಸೆ ಬೀಜ ತುಂಬಿದ ಒಂದು ಮರದ ತಟ್ಟೆ. ಕಾಲು ಗಂಟೆಯೊಳಗೆ ಒಂದು ಬೀಜ ಅವಳ ಮೂಗಿನ ಹೊಳ್ಳೆಯನ್ನು ಸೇರಿತು; ವೈದ್ಯರು ಚಿಮುಟದಿಂದ ತೆಗೆಯುವವರೆಗೆ ಮನೆಯಲ್ಲಿ ಯಾರಿಗೂ ಉಸಿರಿರಲಿಲ್ಲ. ತಪ್ಪು ನನ್ನದೇ. ಐದು ವರ್ಷದವರಿಗೆ ತಕ್ಕದ್ದನ್ನು ಹಸುಳೆಯ ಮುಂದಿಟ್ಟಿದ್ದೆ. ಅಂದಿನಿಂದ ಒಂದೂವರೆ ಅಂಗುಲ ಒಳವ್ಯಾಸದ ಬಿದಿರಿನ ಕೊಳವೆಯೊಂದನ್ನು ಅಳತೆಗೋಲಾಗಿ ಇಟ್ಟುಕೊಂಡಿದ್ದೇನೆ. ಅದರಲ್ಲಿ ತೂರುವ ಯಾವ ವಸ್ತುವೂ ಈ ವಯಸ್ಸಿನ ಮಗುವಿನ ಕೈಗೆ ಬರತಕ್ಕದ್ದಲ್ಲ.

ಸಾಧನಗಳಲ್ಲೆಲ್ಲ ನನಗೆ ಪ್ರಿಯವಾದುದು ಸ್ಪರ್ಶದ ಹಾದಿ. ಬೇವಿನ ನೆರಳಿನಲ್ಲಿ ಎರಡಡಿ ಅಗಲದ ಆರು ಚೌಕಗಳನ್ನು ಹಲಗೆಗಳಿಂದ ಕಟ್ಟಿ, ಒಂದರಲ್ಲಿ ಮರಳು, ಒಂದರಲ್ಲಿ ತೆಂಗಿನ ನಾರು, ಮುಂದಿನದರಲ್ಲಿ ಗರಿಕೆ, ಆಮೇಲೆ ಇಟ್ಟಿಗೆ, ಒಣಗಿದ ಎಲೆ, ಕೊನೆಗೆ ಗಾರೆಯಲ್ಲಿ ಅರ್ಧ ಹುದುಗಿಸಿದ ದೊಡ್ಡ ಬೆಣಚುಕಲ್ಲು. ಬರಿಗಾಲಿನ ಮಗು ಮರಳಿನಿಂದ ನಾರಿಗೆ ಕಾಲಿಡುವ ಆ ಕ್ಷಣದಲ್ಲಿ ನಿಂತುಬಿಡುತ್ತದೆ. ಬೆರಳುಗಳನ್ನು ಮುದುಡಿ, ಹಿಂದಕ್ಕೆ ಬಂದು, ಮತ್ತೆ ಇಡುತ್ತದೆ. ಕೈಹಿಡಿದು ಎಳೆಯಬಾರದು. ನನ್ನ ಮೊಮ್ಮಗಳು ಕಲ್ಲಿನ ಚೌಕವನ್ನು ತಲುಪಲು ಒಂಬತ್ತು ದಿನ ತೆಗೆದುಕೊಂಡಳು. ಎಲೆಗಳನ್ನು ದಿನವೂ ಕೆದಕಿ ನೋಡಬೇಕು, ಚೇಳು ಸೇರುವುದುಂಟು. ಬೆಕ್ಕುಗಳಿಗೂ ಮರಳೆಂದರೆ ಪ್ರೀತಿಯಾದುದರಿಂದ ರಾತ್ರಿ ಹಲಗೆ ಮುಚ್ಚತಕ್ಕದ್ದು. ಹಳೆಯ ಬಾಗಿಲಿನ ಹಲಗೆ ಬೇಡ. ಹಿಂದಿನ ಬಣ್ಣಗಳಲ್ಲಿ ಸೀಸವಿರುತ್ತಿತ್ತು. ನಮ್ಮಲ್ಲಿ ಮನೆಗೆ ಬಳಿಯುವ ಬಣ್ಣದ ಸೀಸಕ್ಕೆ ಮಿತಿ ಹಾಕಿದ ನಿಯಮ ಬಂದದ್ದೇ 2016ರಲ್ಲಿ.

ನೀರಿನಾಟಕ್ಕೆ ಸೀಳಿದ ಬಿದಿರು ಸಾಕು. ಒಳಗಿನ ಗಿಣ್ಣುಗಳನ್ನು ತೆಗೆದು, ಅಂಚುಗಳನ್ನು ಉಪ್ಪುಕಾಗದದಿಂದ ಉಜ್ಜಿ, ಮೂರು ದೋಣಿಗಳನ್ನು ಒಂದರ ಕೆಳಗೊಂದು ಓರೆಯಾಗಿ ಕಟ್ಟಿದರೆ ಚೊಂಬಿನ ನೀರು ಮೆಟ್ಟಿಲಿಳಿದಂತೆ ಇಳಿಯುತ್ತದೆ. ಕೆಳಗೆ ಬಕೆಟ್ ಇಡದೆ ನೀರನ್ನು ಗಿಡದ ಪಾತಿಗೆ ಬಿಡಬೇಕು. ಎರಡು ಅಂಗುಲ ನೀರಿನಲ್ಲಿಯೂ ಹಸುಳೆ ಮುಳುಗಬಲ್ಲುದು. ದೊಡ್ಡವರೊಬ್ಬರು ಕೈಗೆಟಕುವಷ್ಟು ದೂರದಲ್ಲಿರದೆ ಈ ಆಟ ಆರಂಭವಾಗಬಾರದು. ಕೀಟನಾಶಕದ ಖಾಲಿ ಡಬ್ಬಿಯನ್ನು, ಎಷ್ಟು ಸಲ ತೊಳೆದರೂ, ಬಳಸಕೂಡದು.

ನಾದಕ್ಕೆ ತೆಂಗಿನ ಚಿಪ್ಪು, ಬಿದಿರಿನ ಕೊಳವೆ, ಹಳೆಯ ಹಿತ್ತಾಳೆ ತಟ್ಟೆ ಇವನ್ನು ತೂಗಿಬಿಡಬಹುದು. ಕೊರಳಿಗೆ ಸುತ್ತಿಕೊಳ್ಳದಂತೆ ಹಗ್ಗ ಒಂದು ಗೇಣನ್ನು ಮೀರಬಾರದು. ವಾಸನೆಗೆ ತುಳಸಿ, ಮರುಗ, ದೊಡ್ಡಪತ್ರೆ. ಕಣಗಿಲೆ, ಹರಳು, ದತ್ತೂರಿ, ಗುಲಗಂಜಿ ವಿಷವಾದುದರಿಂದ ಅಂಗಳದಿಂದ ದೂರವಿರಲಿ.

ದಾನಿಗಳು ಕಬ್ಬಿಣದ ಜಾರುಬಂಡೆಯನ್ನು ಕೊಡಲು ಮುಂದೆ ಬರುತ್ತಾರೆ, ಅದರ ಮೇಲೆ ಹೆಸರು ಬರೆಯಿಸಬಹುದು. ಒಂದು ಗಾಡಿ ಮರಳಿನ ಮೇಲೆ ಹೆಸರು ನಿಲ್ಲದು. ಆದರೂ ಶಿಶುವಿಹಾರಕ್ಕೆ ಮೊದಲು ಬೇಕಾದುದು ಅದು, ಜೊತೆಗೆ ಮಕ್ಕಳನ್ನು ನೋಡಿಕೊಳ್ಳುವ ಇನ್ನೊಬ್ಬ ಆಯಾಳ ಸಂಬಳ. ಬಿದಿರು ಒಂದೆರಡು ಮಳೆಗಾಲದಲ್ಲಿ ಸೀಳುತ್ತದೆ. ನಮ್ಮ ಹಾದಿಯ ಎರಡು ಹಲಗೆಗಳಿಗೆ ಗೆದ್ದಲು ಹತ್ತಿತ್ತು. ಈಗ ಅಲ್ಲಿ ಅಂಚು ದುಂಡಗೆ ಕಡೆಸಿದ ಚಪ್ಪಡಿಕಲ್ಲು ನಿಲ್ಲಿಸಿದ್ದೇವೆ.